ಕುಟ್ಟಿನ ಗುಣ ಹೇಳುವ ಗಡಿಗೆಪ್ಪ

ಮೂವತ್ತು ವರ್ಷ ರೊಟ್ಟಿ ಬಡಿದ ಕೂಲಿ ಶಿವಬಸಮ್ಮನಿಗೆ ಇನ್ನೂ ಬಾಕಿಯಿದೆ; ಕೊಡಬೇಕಾದವನು ಅವಳ ಗಂಡ ಗಡಿಗೆಪ್ಪ. ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಆರೋಗ್ಯದ ಹಿಟ್ಟು ಮಾರುವ ಈ ಮನುಷ್ಯ, ದಾರಿ ಕೇಳಲು ನಿಂತವರಿಗೂ ಕುಟ್ಟು, ಅಂದರೆ ಬಕ್‌ವೀಟ್ ಎಂಬ ಧಾನ್ಯದ ಗುಣ ಹೇಳಿಯೇ ದಾರಿ ತೋರಿಸುತ್ತಾನೆ. "ನಾರು ಅದ, ಮೆಗ್ನೀಸಿಯಂ ಅದ, ಶುಗರ್ ದಡಗ್ಗನ ಏರಂಗಿಲ್ಲ ಯಪ್ಪಾ!" ದೇವದುರ್ಗದ ಬಸ್ಸಿಗೆ ಓಡುವ ಹೆಂಗಸರನ್ನೂ ಬಿಡುವುದಿಲ್ಲ: "ಯವ್ವಾ, ಗೋಧಿ ಆಗಿಬರದವರೂ ತಿನ್ನಬೌದು, ಬಿಸಿನೀರಾಗ ನಾದ್ರಿ!" ಮಾನ್ವಿಯ ಅಕ್ಕಿ ಮಿಲ್ಲಿನ ಸಾವುಕಾರ, "ಅನ್ನ ಉಂಡು ನಾವೇನು ಸತ್ತೀವೇನಲೇ?" ಎಂದು ಕೆಣಕಿದರೆ, "ಇನ್ನೂ ಇಲ್ರಿ ಸಾವ್ಕಾರ್ರ" ಎನ್ನುತ್ತಾನೆ. ಮನೆಯಲ್ಲಿ ಅವನಿಗೆ ದಿನಾ ಕುಟ್ಟಿನ ರೊಟ್ಟಿ. ಸಕ್ಕರೆ ಕಾಯಿಲೆ ಇದ್ದದ್ದು ಮಾತ್ರ ಶಿವಬಸಮ್ಮನಿಗೆ. ಎಲ್ಲರೂ ಉಂಡ ಮೇಲೆ ಉಳಿದ ಅನ್ನವನ್ನು, ಚೆಲ್ಲಬಾರದೆಂದು, ಮರುದಿನ ತಂಗಳಾದರೂ ಅವಳೇ ತಿನ್ನುತ್ತಿದ್ದಳು. ಸಕ್ಕರೆ ಏರಿ ಅವಳ ಎರಡೂ ಕಣ್ಣು ಹೋದ ಮೇಲೆ ಡಾಕ್ಟರು, "ಇವರು ದಿನಾ ಏನು ಉಣ್ತಿದ್ರು?" ಎಂದು ಗಡಿಗೆಪ್ಪನನ್ನು ಕೇಳಿದರು. ಅವಳು ಉಣ್ಣುವುದನ್ನು ಅವನು ಒಮ್ಮೆಯೂ ಕುಳಿತು ನೋಡಿರಲಿಲ್ಲ. ಈಗ ಅವನೇ ರೊಟ್ಟಿ ಮುರಿದು ಅವಳ ಕೈಗಿಡುತ್ತಾನೆ, ಬಾಯಿಗಿಡುವ ಮುಂಚೆ ಅವಳು, "ನಿಮ್ಮದು ಆತೇನ್ರಿ?" ಎಂದು ಕೇಳುತ್ತಾಳೆ. ಓದುತ್ತಿರುವವರೇ, ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವಳನ್ನು ಇವತ್ತು ಮೊದಲು ಕೂಡಿಸಿ ಬಡಿಸಿ.