ಮೆಟ್ಟಿಲ ತುದಿಯ ಬುಟ್ಟಿ

ಸಯನ್ನಿನ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದ ಪೂವಪ್ಪ, ಐವತ್ತರ ದಶಕದಲ್ಲಿ ಪವಾಯಿಯ ಆಚೆ ತೊರೆಯೊಂದಕ್ಕೆ ಕಟ್ಟಿದ ಒಡ್ಡಿನ ಕಾವಲಿಗೆ ಸೇರಿದ. ಮಳೆಗಾಲದಲ್ಲಿ ಮೀನು ಒಡ್ಡು ಹತ್ತಿ ಮೇಲಿನ ಮಡುವಿನಲ್ಲಿ ಮೊಟ್ಟೆಯಿಡಲೆಂದು ಪಕ್ಕದಲ್ಲಿ ಸಿಮೆಂಟಿನ ಮೆಟ್ಟಿಲುಗಳಿದ್ದವು. ಕಟ್ಟಿಸಿದವರು ಧಾರವಾಡದ ಓವರ್‌ಸಿಯರ್ ಸಿದ್ದಲಿಂಗಪ್ಪ, ಮೀನಿನ ಹೆಸರೆತ್ತಿದರೆ ಸ್ನಾನ ಮಾಡುವ ಪೈಕಿ. ಆದರೂ ಒಡ್ಡಿಗೆ ತಲೆ ಚಚ್ಚಿಕೊಂಡು ಬೀಳುವ ಮೀನುಗಳನ್ನು ನೋಡಲಾರದೆ ಮೇಲಿನವರ ಕೈಕಾಲು ಹಿಡಿದಿದ್ದರು.

"ನೀ ಕರಾವಳಿ ಮನಷ್ಯಾ. ಹತ್ತತಾವೋ ಇಲ್ಲೋ ನೀನ ನೋಡಿ ಹೇಳು" ಎಂದು ತುದಿಯ ಕಬ್ಬಿಣದ ಬಾಗಿಲನ್ನು ಎತ್ತಿ ಇಳಿಸುವ ಕೆಲಸವನ್ನು ಅವನಿಗೇ ಒಪ್ಪಿಸಿದರು.

ಪೂವಪ್ಪನ ಊರಲ್ಲಿ ಮೊದಲ ಮಳೆಗೆ ತೋಡಿನಿಂದ ಗದ್ದೆಗೆ ಏರುವ ಮೀನಿಗೆ ಉಬರ್ ಎನ್ನುತ್ತಾರೆ. ಅದು ಹಿಡಿದವನ ಪಾಲು. ಹಿಡಿದು ನೆರೆಮನೆಗೆ ಹಂಚದವನು ಜಿಪುಣ. ಜೂನ್ ಮಳೆಗೆ ಮೀನುಗಳು ಮೆಟ್ಟಿಲು ಹಾರಿ ಬರುವುದನ್ನು ಕಂಡ ಮೇಲೆ ಅವನ ಕೈ ಸುಮ್ಮನಿದ್ದೀತೇ? ಬಾಗಿಲಿಗೆ ಬಿದಿರಿನ ಬುಟ್ಟಿ ಒಡ್ಡಿದ. ಅವನಿದ್ದ ಚಾಳಿನ ಮನೆಮನೆಗೂ ಮೀನು ಹೋಯಿತು. "ಎಲ್ಲದರ ಹೊಟ್ಟೆಯಲ್ಲೂ ಮೊಟ್ಟೆ ಉಂಟು" ಎಂದು ಹೆಂಡತಿ ವಿನೋದಿನಿ ಹಿಗ್ಗಿದಳು. ಸಿದ್ದಲಿಂಗಪ್ಪ ಸಾಹೇಬರು ಮೀನು ಹತ್ತಿದವೇ ಎಂದು ಕೇಳಿದಾಗ ಮಾತ್ರ ಅವನಿಗೆ ಹೆದರಿಕೆಯಾಯಿತು.

"ಒಂದೂ ಹತ್ತಲಿಲ್ಲ ಸಾಹೇಬ್ರೆ."

ಮಳೆಗಾಲವಿಡೀ ಅದನ್ನೇ ಹೇಳಿದ. ಕೊನೆಗೆ ಮೆಟ್ಟಿಲುಗಳಿಗೆ ಕಲ್ಲು ತುಂಬಿ ಮುಚ್ಚಲು ಆರ್ಡರ್ ಬಂತು. ಸಿದ್ದಲಿಂಗಪ್ಪ ಅಲ್ಲೇ ಕುಸಿದು ಕುಳಿತರು.

"ನಂದ ತಪ್ಪು. ಮೆಟ್ಟಲಾ ಎತ್ತರ ಆದ್ವು. ಪಾಪ, ನಿನ್ನೂ ಸುಮ್ನ ಮಳಿಯಾಗ ನಿಲ್ಲಿಸಿದೆ."

ಪೂವಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿ ಎಲ್ಲವನ್ನೂ ಹೇಳಿಬಿಟ್ಟ. ಹೊಡೆಯಲಿ, ಕೆಲಸದಿಂದ ಕಿತ್ತುಹಾಕಲಿ ಎಂದು ಕಾದ. ಸಾಹೇಬರ ಮುಖ ಅರಳಿತು.

"ಹತ್ತಿದ್ವೇನೋ? ತುದಿ ತನಕ?"

"ತುದಿ ತನಕ ಬಂದವು. ಅಲ್ಲಿ ನನ್ನ ಬುಟ್ಟಿ ಇತ್ತು."

ಅವರು ಬೈಯಲಿಲ್ಲ. ಹೇಗೆ ಹಾರಿದವು, ಎಲ್ಲಿ ದಣಿವಾರಿಸಿಕೊಂಡವು ಎಂದು ಕೇಳುತ್ತಲೇ ಹೋದರು. ಬೈದಿದ್ದರೆ ಪೂವಪ್ಪ ಹೇಗೋ ತಡೆದುಕೊಳ್ಳುತ್ತಿದ್ದ.

ಮಳೆಗಾಲವಿಡೀ ಇಲ್ಲವೆಂದ ಕಾವಲುಗಾರ ಈಗ ಹೌದೆಂದರೆ ಆಫೀಸಿನವರು ನಂಬುತ್ತಾರೆಯೇ? ನಂಬಲಿಲ್ಲ. ಮೆಟ್ಟಿಲಿಗೆ ಕಲ್ಲು ಹೊತ್ತವರಲ್ಲಿ ಪೂವಪ್ಪನೂ ಒಬ್ಬ.

ಮರುವರ್ಷ ಮೀನುಗಳು ಬಂದು ಆ ಕಲ್ಲಿಗೇ ತಲೆ ಚಚ್ಚಿಕೊಂಡವು. ಪೂವಪ್ಪ ಸೊಂಟಮಟ್ಟದ ನೀರಿಗಿಳಿದು ಅದೇ ಬುಟ್ಟಿಯಲ್ಲಿ ಕೈಲಾದಷ್ಟನ್ನು ಎತ್ತಿ ಮೇಲಿನ ಮಡುವಿಗೆ ಬಿಟ್ಟ. ಬರಿಗೈಯಲ್ಲಿ ಚಾಳಿಗೆ ಬಂದಾಗ ನೆರೆಯವರು, "ಈ ಸಲ ಮೀನು ಇಲ್ವಾ?" ಎಂದರು.

"ಒಂದೂ ಹತ್ತಲಿಲ್ಲ" ಎಂದ ಪೂವಪ್ಪ. ಈ ಸಲ ಅದು ನಿಜವಾಗಿತ್ತು.