ಮಡ್‌ಗಾರ್ಡ್ ಇಲ್ಲದ ಸೈಕಲ್ಲು

ಮೌಲಾಸಾಬ ಕಾಕಾನ ಬಿಳಿ ಅಂಗಿಯ ಬೆನ್ನಿನ ನಡುವೆ, ಮಳೆಗಾಲವಿಡೀ, ಸೊಂಟದಿಂದ ಕುತ್ತಿಗೆಯವರೆಗೆ ಕೆಸರಿನ ಗೆರೆಯೊಂದು ಇರುತ್ತಿತ್ತು. "ಊರ ಸೈಕಲ್ ರಿಪೇರಿ ಮಾಡಾಂವಗ ತನ್ನ ಸೈಕಲ್ಲಿಗೆ ಮಡ್‌ಗಾರ್ಡ್ ಇಲ್ಲ ನೋಡ್ರಿ" ಎಂದು ಅಳವಂಡಿಯ ಜನ ನಗುತ್ತಿದ್ದರು. ಕಾಕಾ ಕಾರಣ ಹೇಳಲಿಲ್ಲ. ನಾನೂ ಹೇಳಿರಲಿಲ್ಲ.

ಊರಿನ ವ್ಯಾಯಾಮ ಸಂಘ ವರ್ಷಕ್ಕೊಮ್ಮೆ ಹೊಲದ ಓಟ ನಡೆಸುತ್ತಿತ್ತು. ಹೆಸರುಕಾಳಿನ ಬೆಳೆ ಕಿತ್ತು ಬಿಳಿಜೋಳ ಬಿತ್ತುವ ಮುಂಚೆ ಎರೆಹೊಲಗಳು ಖಾಲಿ ಇರುವ ಕೆಲವೇ ದಿನಗಳಲ್ಲಿ ಅದು ಮುಗಿಯಬೇಕು. ದಾರಿ ಅಳೆಯುವವರು ಕಾಕಾ. ಮುಂದಿನ ಗಾಲಿಗೆ ಕೆಂಪು ಚಿಂದಿ ಕಟ್ಟಿ, ಸೈಕಲ್ಲು ನೂಕುತ್ತ, ಅದು ಮೇಲೆ ಬಂದಾಗೊಮ್ಮೆ ಒಂದೊಂದು ಎಣಿಸುತ್ತ ಹೊಲ ದಾಟುತ್ತಿದ್ದರು. ಆ ಹೊತ್ತಿನಲ್ಲಿ ಯಾರು ನಮಸ್ಕಾರ ಹೇಳಿದರೂ ಉತ್ತರವಿಲ್ಲ. ಮುದ್ದೆಮುದ್ದೆಯಾಗಿ ಅಂಟುವ ಎರೆಮಣ್ಣು ಮಡ್‌ಗಾರ್ಡಿನೊಳಗೆ ಸೇರಿ ಗಾಲಿ ನಿಲ್ಲಿಸುತ್ತದೆ. ಅದಕ್ಕೇ ಅಳತೆಗೆ ಹೊರಡುವ ಮುಂಚೆ ಎರಡೂ ಮಡ್‌ಗಾರ್ಡ್ ಬಿಚ್ಚಿ ಅಂಗಡಿಯ ಮೊಳೆಗೆ ತೂಗುಹಾಕುತ್ತಿದ್ದರು, ಆಗೆಲ್ಲ ಬಂದ ಮೇಲೆ ಮತ್ತೆ ಹಾಕುತ್ತಿದ್ದರು.

ಓಟದ ದಿನ ಅವರದು ಇನ್ನೊಂದು ಕೆಲಸ. ಓಟಗಾರರು ಹೊರಟು ಕಾಲು ತಾಸಾದ ಮೇಲೆ ಅದೇ ಸೈಕಲ್ಲು ಹತ್ತಿ ಹಿಂದಿನಿಂದ ಹೊರಟು, ದಾರಿಗುಂಟ ನೆಟ್ಟ ನಿಶಾನೆಗಳನ್ನು ಕಿತ್ತುಕೊಳ್ಳುತ್ತ ಬರುವುದು. ಸೈಕಲ್ಲು ಯಾರನ್ನು ದಾಟಿತೋ ಅವರ ಓಟ ಅಲ್ಲಿಗೆ ಮುಗಿಯಿತು. ಸ್ವಂತ ಅಳಿಯನನ್ನೂ ಅವರು ಹಾಗೆ ದಾಟಿ ಹೋಗಿದ್ದರು.

ನಾನು ಕೊಪ್ಪಳಕ್ಕೆ ಬಸ್ಸಿನಲ್ಲಿ ಹೋಗಿ ಬಿ.ಎ. ಓದುತ್ತಿದ್ದ ವರ್ಷ ಓಟಕ್ಕೆ ಹೆಸರು ಕೊಟ್ಟೆ. ಅದುವರೆಗೆ ಹುಡುಗಿಯರು ಯಾರೂ ಕೊಟ್ಟಿರಲಿಲ್ಲ. ಸಂಘದ ಅಧ್ಯಕ್ಷರು ಕಾಕಾನ ಅಂಗಡಿಗೇ ಬಂದು, "ಬಿದ್ದು ಕಾಲ್ ಮುರಕೊಂಡ್ರ ಅವರಪ್ಪಗ ಯಾರು ಜವಾಬ್ ಹೇಳೋರು, ಸಾಬ್ರ?" ಎಂದರು.

"ಕಾಲಿಗೆ ಡಾಕ್ಟರ್ ಅದಾನ್ರಿ. ಓಡ್ಲಿ ಬಿಡ್ರಿ. ಹಿಂದ ಸೈಕಲ್ ಐತಿ. ಅದು ಗಂಡು ಹೆಣ್ಣು ನೋಡಂಗಿಲ್ಲ."

"ಆತು. ಆದ್ರ ಸೈಕಲ್ ದಾಟಿತು ಅಂದ್ರ, ಮುಂದ ಯಾವ ಹುಡುಗೀನೂ ಕೇಳಾಕ ಬರಬಾರ್ದು."

ಓಟದ ಹಿಂದಿನ ಸಂಜೆ ಮಳೆ ಬಿತ್ತು. ಅರ್ಧ ದಾರಿಗೆ ನನ್ನ ಕ್ಯಾನ್ವಾಸ್ ಬೂಟುಗಳು ಇಟ್ಟಿಗೆಯಷ್ಟು ಭಾರವಾದವು. ಕಿತ್ತು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡಿದೆ. ನಾನೇ ಕೊನೆಯವಳು. ಹಿಂದೆ ಚೈನಿನ ಸದ್ದು ಹತ್ತಿರ ಬಂತು, ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು. ತಿರುಗಿ ನೋಡಿದರೆ ಕಾಕಾ ಕುಕ್ಕರಗಾಲಲ್ಲಿ ಕೂತು ಮಡ್‌ಗಾರ್ಡಿನ ಕೆಸರನ್ನು ಹತ್ತಿಕಟ್ಟಿಗೆಯಿಂದ ಕೆರೆಯುತ್ತಿದ್ದರು. ಸೈಕಲ್ಲಿಗಿಂತ ಮುಂಚೆ ಕೊನೆಯ ಗೆರೆ ಮುಟ್ಟಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಸಂತೋಷ ಎರಡು ದಿನ ಉಳಿಯಿತು. ಮೂರನೆಯ ದಿನ ಅಂಗಡಿಗೆ ಹೋಗಿ ಕೇಳಿದೆ: "ಕಾಕಾ, ಅಳತಿ ದಿನ ಮಡ್‌ಗಾರ್ಡ್ ಬಿಚ್ಚತೀರಿ. ಮಳಿ ಬಿದ್ರೂ ಓಟದ ದಿನ ಯಾಕ ಬಿಚ್ಚಲಿಲ್ಲ?"

ಅವರು ನೀರಿನ ಬೋಗುಣಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ನೋಡುತ್ತಿದ್ದರು. ತಲೆ ಎತ್ತಲಿಲ್ಲ. "ವಯಸ್ಸಾತವ್ವಾ. ಮರತೆ."

ಎರಡು ಸಾವಿರ ಸುತ್ತನ್ನು ತಪ್ಪಿಲ್ಲದೆ ಎಣಿಸುವ ಮನುಷ್ಯ ಇದನ್ನು ಮರೆಯುವುದುಂಟೇ! ಆ ವರ್ಷವೆಲ್ಲ ಭಾನುವಾರ ಅಪ್ಪನಿಗೆ ಹೊಲಕ್ಕೆ ಬುತ್ತಿ ಮುಟ್ಟಿಸಿ, ವಾಪಸು ಬರುವಾಗ ಖಾಲಿ ಡಬ್ಬಿ ಸೊಂಟಕ್ಕೆ ಕಟ್ಟಿಕೊಂಡು ಓಡಿದೆ. ಡಬ್ಬಿಯ ಸದ್ದಿಗೆ ದನ ಕಾಯುವವರು ನಗುತ್ತಿದ್ದರು. ಬೇಸಿಗೆಯಲ್ಲೂ ಬಿಡಲಿಲ್ಲ.

ಮರುವರ್ಷ ಓಟದ ಬೆಳಿಗ್ಗೆ ಅಂಗಡಿಯ ಮುಂದೆ ನಿಂತು, "ಪಾನಾ ಕೊಡ್ರಿ ಕಾಕಾ" ಎಂದೆ.

ಅವರು ನನ್ನನ್ನು ನೋಡಿದರು, ಸೈಕಲ್ಲನ್ನು ನೋಡಿದರು, ಪಾನಾ ಕೊಟ್ಟರು. ನಟ್ಟು ತಿರುಗಿಸಿ ಎರಡೂ ಮಡ್‌ಗಾರ್ಡ್ ನಾನೇ ಬಿಚ್ಚಿ ಮೊಳೆಗೆ ಹಾಕಿದೆ. ಕೈಯೆಲ್ಲ ಕಪ್ಪಾಯಿತು.

"ಈ ಸಲ ಸೈಕಲ್ ಭಾಳ ಜೋರ ಬರತೈತಿ, ನೋಡು ಮತ್ತ."

"ಬರ್ಲಿ ಬಿಡ್ರಿ."

ಬಂತು. ಆ ದಿನವೂ ನೆಲ ಹಸಿ ಇತ್ತು, ಸೈಕಲ್ಲು ಮಾತ್ರ ಎಲ್ಲೂ ನಿಲ್ಲಲಿಲ್ಲ. ನನ್ನ ಹಿಂದಿದ್ದ ಮೂವರು ಹುಡುಗರನ್ನು ಒಬ್ಬೊಬ್ಬರನ್ನಾಗಿ ದಾಟಿತು. ಹಳ್ಳದ ಏರಿನಲ್ಲಿ ಕಾಕಾನ ಏದುಸಿರೂ ನನಗೆ ಕೇಳುತ್ತಿತ್ತು. ತಿರುಗಿ ನೋಡಬಾರದೆಂದು ಹಲ್ಲು ಕಚ್ಚಿಕೊಂಡು ಓಡಿದೆ. ಮುಟ್ಟುವ ಹೊತ್ತಿಗೆ ಅರ್ಧ ಜನ ಮನೆಗೆ ಹೋಗಿದ್ದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾಕಾ ಬಂದು ಸೈಕಲ್ಲು ನಿಲ್ಲಿಸಿ, ಕಂಕುಳಲ್ಲಿದ್ದ ನಿಶಾನೆಗಳನ್ನು ಕೆಳಗಿಟ್ಟರು. ಅಂಗಿಯ ಬೆನ್ನು ಪೂರಾ ಕೆಸರು.

"ನೀ ಗೆರಿ ಮುಟ್ಟಿದಾಗ ನಾ ಕೀಳೂದು ಇನ್ನೂ ಎರಡು ನಿಶಾನಿ ಇದ್ದುವು. ಎಣಿಸೀನಿ."

ಆ ಮಡ್‌ಗಾರ್ಡುಗಳು ಮೊಳೆಯಿಂದ ಮತ್ತೆ ಇಳಿಯಲಿಲ್ಲ.

ಎಂ.ಎ. ಓದಲು ನಾನು ಧಾರವಾಡಕ್ಕೆ ಹೋದೆ. ಮುಂದಿನ ಮಳೆಗಾಲದಲ್ಲಿ ಕಾಕಾ ತೀರಿಕೊಂಡ ಸುದ್ದಿ ಅಪ್ಪನ ಕಾಗದದಲ್ಲಿ ಬಂತು. ಕೊನೆಗೆ ಅವರನ್ನು ಕಂಡದ್ದು ನಾನು ಊರು ಬಿಟ್ಟ ದಿನವೇ. ನನ್ನ ಟ್ರಂಕನ್ನು ಕ್ಯಾರಿಯರಿಗೆ ಕಟ್ಟಿ ಸೈಕಲ್ಲು ನೂಕಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟಿದ್ದರು. ನಾನು ಹಿಂದೆ ಹಿಂದೆ ಬರುತ್ತಿದ್ದೆ. ನಾಲ್ಕು ಹೆಜ್ಜೆ ಹೋಗಿ ನಿಂತರು.

"ಮುಂದ ನಡಿಯವ್ವಾ. ನೀ ಸೈಕಲ್ ಹಿಂದ ಬರಾಕಿ ಅಲ್ಲ."

ಮುಂದೆ ನಡೆದೆ. ಚೈನಿನ ಸದ್ದು ಬಸ್ ಸ್ಟ್ಯಾಂಡಿನವರೆಗೂ ಒಂದೇ ಅಂತರದಲ್ಲಿ ಹಿಂದಿನಿಂದ ಬರುತ್ತಲೇ ಇತ್ತು.