ಚಾವಣಿಯ ಹಿಂದಿನ ನೀಲಿ ಕಲೆ

ಚಾರ್ಮಾಡಿ ಘಾಟಿಯಲ್ಲಿ ಬ್ರೇಕ್ ಹಿಡಿಯದೆ ಹೋಗಬಹುದು. ಆರ್‌ಟಿಒ ಕಚೇರಿಯಲ್ಲಿ ಚಾಸಿ ನಂಬರ್ ತಾಳೆಯಾಗದಿರಬಹುದು. ತೋಟದ ಇಲಿ ವೈರ್ ಕಡಿದಿರಬಹುದು. ಹಿಂದೆಂದೋ ಮಗುಚಿ ಬಿದ್ದ ಗಾಡಿಗೆ ಬಣ್ಣ ಬಳಿಸಿರಬಹುದು. ಸ್ಪೇರ್ ಪಾರ್ಟ್ ಬೆಂಗಳೂರಿನಲ್ಲೂ ಸಿಗದಿರಬಹುದು. ಹೆಂಡತಿಗೆ ತಿರುವಿನಲ್ಲಿ ವಾಂತಿಯಾಗಬಹುದು. ದಾರಿಯಲ್ಲಿ ಆನೆ ಅಡ್ಡ ಬರಬಹುದು, ಬಂದ ಆನೆ ಚಾವಣಿಯ ಗಾಜಿನೊಳಗೆ ಸೊಂಡಿಲು ಇಳಿಬಿಡಬಹುದು... ಬಹಳ ವರ್ಷಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮುಂಚೆ ನಾನು ಹೆದರಿದ್ದು ಇಷ್ಟಕ್ಕೆ. ಇನ್ನೂ ಇದ್ದವು, ಮರೆತಿದ್ದೇನೆ.

ಇದೆಲ್ಲ ಮತ್ತೆ ನೆನಪಾಗಲು ಕಾರಣ ಒಂದು ವಾಸನೆ. ಹೋದ ತಿಂಗಳು ಅಳಿಯ ಹೊಸ ಕಾರು ತಂದ. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಗುಂಡಿ ಒತ್ತಿದ. ತಲೆಯ ಮೇಲಿನ ಗಾಜು ಹಿಂದಕ್ಕೆ ಸರಿದು ಮೂಡಿಗೆರೆಯ ಆಕಾಶ ತೆರೆದುಕೊಂಡಿತು. ಎಲ್ಲರೂ ಆಕಾಶ ನೋಡಿದರು. ನಾನು ಗಾಜಿನ ಅಂಚಿನ ಬಟ್ಟೆ ನೋಡಿದೆ, ಬೆರಳಿನಲ್ಲಿ ಒತ್ತಿಯೂ ನೋಡಿದೆ. ಬಿಸಿಲಿಗೆ ಕಾದ ಬಟ್ಟೆಯ ಹಿಂದಿನಿಂದ ಅಂಟಿನ ವಾಸನೆ, ಸಿಹಿಯಾಗಿ, ತಲೆ ಹಿಡಿಯುವಂತೆ, ಮೆಲ್ಲಗೆ ಇಳಿಯಿತು. ಅದರೊಂದಿಗೆ ಅಣ್ಣನೂ ಇಳಿದು ಪಕ್ಕದಲ್ಲಿ ಕೂತರು.

ಅಣ್ಣ ಎಂದರೆ ರಕ್ತಸಂಬಂಧವಲ್ಲ. ನನ್ನದು ಮೂಡಿಗೆರೆ ಪೇಟೆಯಲ್ಲಿ ಗೊಬ್ಬರ, ಔಷಧಿಯ ಅಂಗಡಿ. ಔಷಧಿ ಎಂದರೆ ಗಿಡಗಳಿಗೆ. ಅವರದು ದೇವರಮನೆ ಬೆಟ್ಟದ ಕಡೆ ಕಾಫಿ ತೋಟ. ಮೈಲುತುತ್ತ, ಯೂರಿಯಾ ಒಯ್ಯಲು ಬರುತ್ತಿದ್ದವರು ಕ್ರಮೇಣ ಏನೂ ಬೇಡದ ದಿನವೂ ಬಂದು ಗಲ್ಲಾದ ಪಕ್ಕದ ಸ್ಟೂಲಿನಲ್ಲಿ ಕೂರತೊಡಗಿದರು. ಅಣ್ಣಾ ಎಂದು ಕರೆದು ಕರೆದು ಅಣ್ಣನೇ ಆದರು.

ಅವರು ನನ್ನ ಭಯಗಳ ಡಾಕ್ಟರು. ಎದೆ ಹಿಡಿದಂತಾಗುತ್ತಿದೆ ಎಂದರೆ, "ಬೆಳಿಗ್ಗೆ ಎಷ್ಟು ಕಡುಬು ತಿಂದೆ, ಅದ್ನ ಹೇಳು ಮೊದ್ಲು" ಎನ್ನುವರು. ಗೋದಾಮಿಗೆ ಬೆಂಕಿ ಬಿದ್ದ ಕನಸು ಕಂಡೆ ಎಂದರೆ, "ಕನಸಲ್ಲೇ ಬಿತ್ತಲ್ಲ, ಆರ್ಸೋಕೆ ನೀರು ಹೊರೋದು ತಪ್ತು" ಎನ್ನುವರು. ಅಪ್ಪ ಹಾಸನದ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ ಹೊರಗಿನ ಬೆಂಚಿನಲ್ಲಿ ನನ್ನ ಜೊತೆ ಕೂತವರೂ ಅವರೇ. ಆಗ ಮಾತ್ರ ತಮಾಷೆ ಮಾಡಲಿಲ್ಲ. ಇದನ್ನು ಬರೆಯದೆ ಮುಂದಿನದನ್ನು ಬರೆಯುವುದು ಸರಿಯಲ್ಲ.

ಕಾಫಿಗೆ ಬಂಗಾರದ ಬೆಲೆ ಬಂದ ತೊಂಬತ್ತರ ದಶಕದ ಆ ವರ್ಷಗಳಲ್ಲಿ ಅವರು ಚಾವಣಿಯಲ್ಲಿ ಗಾಜಿದ್ದ ಕಾರೊಂದನ್ನು ತಂದಿದ್ದರು. ನಮ್ಮ ಪೇಟೆಗೆ ಅದೇ ಮೊದಲ ಸನ್‌ರೂಫ್. ಆಮೇಲೆ ಬೆಲೆ ಬಿತ್ತು; ತೋಟದವರು ಒಬ್ಬೊಬ್ಬರಾಗಿ ಜೀಪಿಗೆ ಮರಳಿದರು. ಅಣ್ಣ ಕಾರನ್ನು ನನಗೇ ಕೊಡುತ್ತೇನೆಂದರು. ಕೊಯ್ಲು ಮುಗಿದ ಒಣ ದಿನಗಳು. ಕಣದ ಅಂಚಿನಲ್ಲಿ ಕಾರು ತೊಳೆದು ನಿಲ್ಲಿಸಿದ್ದರು.

"ಬೇರೆಯವ್ರಿಗೆ ಕೊಡೋ ಮನಸ್ಸಿಲ್ಲ ಮಾರಾಯ. ಒಳಗೆ ನೋಡು, ಮದ್ಮಗನ ಕೋಣೆ ಇದ್ದಂಗಿದೆ."

ನಿಜವಾಗಿಯೂ ಹಾಗೇ ಇತ್ತು. ಮುಖ್ಯವಾಗಿ ಚಾವಣಿಯ ಒಳಬಟ್ಟೆ, ಒಂದು ಕಲೆಯಿಲ್ಲದೆ, ಕೆನೆಬಣ್ಣದಲ್ಲಿ ಬಿಗಿಯಾಗಿ ಕೂತಿತ್ತು. ಟೈರು ಒದ್ದು, ಬಾನೆಟ್ಟು ಎತ್ತಿ, ಹೊಗೆ ಮೂಸಿ ನೋಡಿದ ನಾನು ಮನಸ್ಸಿನ ಪಟ್ಟಿಯಲ್ಲಿ ಚಾವಣಿಗೆ ಪೂರ್ತಿ ಅಂಕ ಕೊಟ್ಟೆ. ಆದರೂ ಬಾಯಿ ಸುಮ್ಮನಿರಲಿಲ್ಲ. "ಮಳೇಲಿ ಸೋರಲ್ವಾ ಅಣ್ಣಾ?"

"ನಿಮ್ಮನೆ ಹೆಂಚು ಸೋರ್ಬಹುದು. ಇದು ಸೋರಲ್ಲ."

ಕೀಲಿ ಕೊಡುವಾಗ ಒಂದು ಬುದ್ಧಿಮಾತನ್ನೂ ಹೇಳಿದರು. "ನಿಲ್ಸೋವಾಗ ಯಾವಾಗ್ಲೂ ಮೂತಿ ಏರಿನ ಕಡೆ ಮಾಡಿ ನಿಲ್ಸು. ಎಂಜಿನ್‌ಗೆ ಒಳ್ಳೇದು." ಎಂಜಿನ್ನಿಗೆ ಯಾಕೆ ಒಳ್ಳೆಯದು ಎಂದು ನಾನು ಕೇಳಲಿಲ್ಲ. ಅಣ್ಣ ಹೇಳಿದ ಮೇಲೆ ಆಯಿತು.

ಜೂನಿನಲ್ಲಿ, ಕಳಸದ ದಾರಿಯ ಒಂದು ಇಳಿಜಾರಿನಲ್ಲಿ, ನನ್ನ ಕತ್ತಿನ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ಕಾರು ನಿಲ್ಲಿಸಿ ಚಾವಣಿಯ ಬಟ್ಟೆಯನ್ನೆಲ್ಲ ಸವರಿದೆ. ಎಲ್ಲೂ ಒದ್ದೆಯಿಲ್ಲ.

"ಬೆವರಿರ್ಬೇಕು ಕಣ್ರೀ" ಎಂದಳು ಹೆಂಡತಿ.

"ಜೂನಲ್ಲಾ?"

"ಸ್ಟೇರಿಂಗ್ ಹಿಡಿದ್ರೆ ನಿಮಗೆ ಯಾವ ತಿಂಗಳಾದ್ರೇನು?"

ಅದರ ನಂತರವೂ ಹನಿಗಳು ಬಿದ್ದವು, ಒಮ್ಮೆ ಕಿವಿಗೆ, ಒಮ್ಮೆ ಭುಜಕ್ಕೆ. ನಿಲ್ಲಿಸಿದ ಕಾರಿನಲ್ಲಿ ಬೇರೆ ಯಾರಾದರೂ ಕೂತು ನೋಡಿದಾಗ ಬೀಳುತ್ತಿರಲಿಲ್ಲ. ಅಣ್ಣನಿಗೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಪರೀಕ್ಷೆ ಮಾಡೇಬಿಡೋಣ ಎಂದು ತಾವೇ ಕಾರನ್ನು ಅಂಗಡಿಯ ಪಕ್ಕದ ಏರಿನಲ್ಲಿ, ಮೂತಿ ಮೇಲೆ ಮಾಡಿ ನಿಲ್ಲಿಸಿದರು. ಒಳಗೆ ಕೂತು ತಲೆಯ ಮೇಲೆ ನ್ಯೂಸ್‌ಪೇಪರ್ ಹರಡಿಕೊಂಡು, "ಹುಯ್ಯಿ" ಎಂದರು. ಅಂಗಡಿಯ ಆಳುಗಳು ಬಕೆಟ್ಟುಗಟ್ಟಲೆ ನೀರು ಸುರಿದರು. ಪೇಟೆಯ ಅರ್ಧ ಜನ ನೋಡುತ್ತಾ ನಿಂತರು. ಅಣ್ಣ ಹೊರಬಂದು ಪೇಪರನ್ನು ಬಾವುಟದಂತೆ ಎತ್ತಿ ಹಿಡಿದರು. ಒಣಗಿದ ಅಪ್ಪಳದಂತಿತ್ತು. "ನೀರು ಕಾರಲ್ಲಿ ಸೋರ್ತಿಲ್ಲ ಮಾರಾಯ, ನಿನ್ನ ತಲೇಲಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ನಮ್ಮ ಕಡೆ ತೋಟದವರ ಮಾತು ಶುರುವಾಗುವುದೇ ಮಳೆಯ ಅಳತೆಯಿಂದ. ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿ, "ನಿಮ್ಮಲ್ಲೆಷ್ಟು ಇಂಚು, ನಮ್ಮಲ್ಲಿಷ್ಟು ಸೆಂಟ್ಸು" ಎಂದು ಫೋನಿನಲ್ಲಿ ಒಪ್ಪಿಸದಿದ್ದರೆ ಯಾರಿಗೂ ಕಾಫಿ ಇಳಿಯುವುದಿಲ್ಲ; ಸೆಂಟ್ಸು ಎಂದರೆ ಇಂಚಿನ ನೂರರಲ್ಲೊಂದು ಪಾಲು. ಆ ಮಳೆಗಾಲವೆಲ್ಲ ಅಂಗಡಿಗೆ ಬಂದವರು ನನ್ನನ್ನು ಕೇಳಿದ್ದು ಒಂದೇ: "ಏನ್ರೀ, ನಿನ್ನೆ ಕತ್ತಿನ ಮೇಲೆ ಎಷ್ಟು ಸೆಂಟ್ಸು?" ತಮಾಷೆಗೆ ಬೇಸರವಿಲ್ಲ, ಅದಕ್ಕೆ ಹುಟ್ಟಿದವನೇ ನಾನು. ಆದರೆ ನಿಧಾನಕ್ಕೆ ನನ್ನ ಕತ್ತನ್ನೇ ನಾನು ನಂಬದಾದೆ. ಯಾರಿಗೂ ಹೇಳದೆ ಚಿಕ್ಕಮಗಳೂರಿಗೆ ಹೋಗಿ, ಇಲ್ಲದ ನೀರು ಮೈಮೇಲೆ ಬಿದ್ದಂತಾಗುವ ನರದ ಕಾಯಿಲೆ ಇದೆಯೇ ಎಂದು ಡಾಕ್ಟರನ್ನು ವಿಚಾರಿಸಿದೆ. ಅವರು ನನ್ನನ್ನು ಬಹಳ ಹೊತ್ತು ನೋಡಿ ವಿಟಮಿನ್ ಮಾತ್ರೆ ಬರೆದುಕೊಟ್ಟರು. ತಿಂದೆ.

ಮಳೆಗಾಲ ಮುಗಿಯುವಾಗ ಚಾವಣಿಯ ಬಟ್ಟೆ ಹಸುವಿನ ಹೊಟ್ಟೆಯಂತೆ ಜೋತುಬಿತ್ತು. ಹೊಸದು ಹಾಕಿಸಲು ಚಿಕ್ಕಮಗಳೂರಿನ ಕುಶನ್ ಅಂಗಡಿಗೆ ಒಯ್ದೆ. ಅಂಗಡಿಯವನು ದೀಪ, ಹಿಡಿಕೆ, ಕಂಬದ ಪಟ್ಟಿಗಳನ್ನೆಲ್ಲ ಬಿಚ್ಚಿ, ಬಟ್ಟೆ ಅಂಟಿಸಿದ್ದ ರಟ್ಟಿನಂಥ ಹಲಗೆಯನ್ನು ಹಿಂಬಾಗಿಲಿನಿಂದ ಮೆಲ್ಲಗೆ ಹೊರಗೆಳೆದ. "ಇದನ್ನ ಮುಂಚೆನೇ ಯಾರೋ ತೆಗ್ದಿದಾರೆ ಸಾರ್. ಬಟ್ಟೆ ಕಂಪನೀದಲ್ಲ, ಆಮೇಲೆ ಹಾಕಿದ್ದು" ಎಂದು ಹಲಗೆಯನ್ನು ಮಗುಚಿದ.

ಹಿಂಬದಿಯಲ್ಲಿ, ಮುಂದಿನ ಬಲಮೂಲೆಯಿಂದ ನಡುವಿನವರೆಗೆ, ತಿಳಿನೀಲಿ ಕಲೆ.

ಆ ನೀಲಿಯನ್ನು ನನಗೆ ಯಾರೂ ಪರಿಚಯಿಸಬೇಕಿರಲಿಲ್ಲ. ಅದು ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಕಾಫಿ ಗಿಡಗಳಿಗೆ ಹೊಡೆಯುವ ಬೋರ್ಡೋ ದ್ರಾವಣ. ನಮ್ಮ ಕಡೆಯ ಡ್ರಮ್ಮು, ಗೋಡೆ, ಆಳುಗಳ ಅಂಗಿ ಎಲ್ಲ ಅದೇ ಬಣ್ಣ. ಆ ಮೈಲುತುತ್ತವನ್ನು ತೂಗಿಕೊಟ್ಟವನೂ ಬಹುಶಃ ನಾನೇ.

ಅಂಗಡಿಯವನು ತೋರಿಸಿದ ಮೇಲೆ ಉಳಿದದ್ದು ತಾನಾಗಿ ಬಿಡಿಸಿಕೊಂಡಿತು. ಇಂಥ ಗಾಜಿನ ಸುತ್ತ ಸಣ್ಣ ಕಾಲುವೆಯೊಂದಿರುತ್ತದೆ. ಅದರ ನಾಲ್ಕು ಮೂಲೆಗಳಿಂದ ಬೆರಳಿಗಿಂತ ತೆಳ್ಳಗಿನ ಪೈಪುಗಳು ಕಂಬದೊಳಗೆ ಇಳಿದು ಮಳೆನೀರನ್ನು ಕಾರಿನ ಕೆಳಗೆ ಬಿಡುತ್ತವೆ. ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಮರದ ಕೆಳಗೆ ನಿಲ್ಲುವ ಕಾರಿನಲ್ಲಿ ಎಲೆಪುಡಿ ಸೇರಿ ಪೈಪು ಕಟ್ಟುವುದು ಸಹಜ. ಕಟ್ಟಿದ್ದನ್ನು ಬಿಡಿಸಲು ತೋಟದವರ ಕೈ ಮೊದಲು ಹೋಗುವುದು ಸ್ಪ್ರೇಯರಿಗೆ. ಮರದ ತುದಿ ಮುಟ್ಟುವ ಆ ರಭಸಕ್ಕೆ ಮುಂದಿನ ಬಲಪೈಪು ಒಳಗೇ ಬಾಯಿಂದ ಕಳಚಿಕೊಂಡಿತ್ತು. ಸ್ಪ್ರೇಯರಿನ ಗನ್ನಿನಲ್ಲಿ ಉಳಿದಿದ್ದ ದ್ರಾವಣ ಚಾವಣಿಗೆ ಸುರಿದಿತ್ತು. ಮೇಲೆ ಹೊಸ ಬಟ್ಟೆ ಬಂದಿತ್ತು. ಮೂತಿ ಮೇಲಿದ್ದರೆ ನೀರು ಹಿಂದಿನ ಪೈಪುಗಳಿಗೆ ಹೋಗುತ್ತದೆ, ಇಳಿಜಾರಿನಲ್ಲಿ ಮಾತ್ರ ಮುಂದೆ ಬಂದು, ಹಲಗೆಯ ಮೇಲೆ ಹರಿದು, ಬಟ್ಟೆ ನೆನೆಯದಂತೆ ಅಂಚಿನ ಸಂದಿನಿಂದ ಓಡಿಸುವವನ ಮೇಲೆ ತೊಟ್ಟಿಕ್ಕುತ್ತದೆ... ಮೂತಿ ಮೇಲೆ!

ಅವನು ಸ್ಕೂಟರಿನ ಹಳೆಯ ಕೇಬಲ್ಲಿನಿಂದ ಪೈಪುಗಳ ಕಸ ತೆಗೆದು, ಕಳಚಿದ್ದನ್ನು ಸಿಕ್ಕಿಸಿ ಕ್ಲಿಪ್ ಬಿಗಿದ. ಕಾಲುವೆಗೆ ಒಂದು ಚೊಂಬು ನೀರು ಹುಯ್ದಾಗ ಅದು ಚಕ್ರದ ಹತ್ತಿರ ಸಣ್ಣಗೆ ಸುರಿಯಿತು. ಹಳೆಯ ಬಟ್ಟೆಯ ಹಿಂದೆ ಪುಡಿಯಾಗಿದ್ದ ಸ್ಪಂಜನ್ನು ಕೆರೆದು, ಹಲಗೆಗೂ ಬಟ್ಟೆಗೂ ಅಂಟು ಬಳಿದು, ಅದು ಕೈಗೆ ಹತ್ತದಷ್ಟು ಆರುವವರೆಗೆ ಕಾದು, ನಡುವಿನಿಂದ ಅಂಚಿಗೆ ಒತ್ತುತ್ತಾ ಹೋದ. ನಾನು ಅಲ್ಲೇ ಕೂತು ಅಂಟಿನ ವಾಸನೆ ಕುಡಿಯುತ್ತಿದ್ದೆ. ಕಾಯಿಲೆ ಇಲ್ಲ ಎಂದು ಗೊತ್ತಾದವನಿಗೆ ಆಗಬೇಕಾದ ಸಂತೋಷ ಆಗಲಿಲ್ಲ.

ವಾಪಸು ಬರುವಾಗ ನೇರ ತೋಟಕ್ಕೆ ಹೋದೆ. ಅಣ್ಣ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು.

"ರೂಫ್ ಬಿಚ್ಚಿಸ್ದೆ ಅಣ್ಣಾ. ಹಿಂದೆ ನೀಲಿ ಇತ್ತು."

ಲೋಟ ಕೆಳಗಿಟ್ಟರು. "ಓ, ಅದಾ... ಕಸ ಕಟ್ಟಿತ್ತು ಮಾರಾಯ. ಸ್ಪ್ರೇಯರ್ ಹಿಡ್ದೆ. ಅದೆಂತದೋ ಕಳಚಿಕೊಳ್ತು."

"ನಂಗೊಂದು ಮಾತು ಹೇಳ್ಬಹುದಿತ್ತಲ್ಲ?"

"ನಿಂಗಾ? ಹೇಳಿದ್ರೆ ನೀನು ಆ ಕಾರಲ್ಲಿ ಕೂರ್ತಿದ್ಯಾ? ನಿನ್ನ ನಿದ್ದೆ ಹಾಳಾಗೋದು ಬೇಡ ಅಂತಲೇ ಹೇಳ್ಲಿಲ್ಲ."

"ಬಕೆಟ್ ಹುಯ್ಸಿದ್ದು?"

ಅವರು ಅಂಗಳದ ಕಡೆ ನೋಡಿದರು. "ತಮಾಷೆ ಅಲ್ವಾ. ನೀನೂ ನಕ್ಯಲ್ಲ ಮಾರಾಯ."

ನಾನು ಜಗಲಿಯಿಂದ ಇಳಿದೆ. ಕಾರು ಮಾರಿದ್ದಕ್ಕೆ ಸಿಟ್ಟಿರಲಿಲ್ಲ. ಬೇಕಿದ್ದರೆ ಸೋರುವ ಕಾರನ್ನೇ ಪ್ರೀತಿಯಿಂದ ಕೊಂಡು ಕೊಡೆ ಹಿಡಿದು ಓಡಿಸುತ್ತಿದ್ದೆ. ನನ್ನ ಹೆದರಿಕೆಯನ್ನು ಅವರಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಹಾಗೆ ಬಲ್ಲವರೇ ಆ ಹೆದರಿಕೆಯ ಹಿಂದೆ ಅಡಗಿ ಕೂತಿದ್ದರು.

ಆಮೇಲೆ ಅವರು ಮೈಲುತುತ್ತವನ್ನು ಚಿಕ್ಕಮಗಳೂರಿನಿಂದ ತರಿಸತೊಡಗಿದರು. ಪೇಟೆಯಲ್ಲಿ ಎದುರಾದರೆ ಕೈ ಎತ್ತುವರು, ನಾನೂ ಎತ್ತುವೆ. ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಎಷ್ಟು ಸೆಂಟ್ಸು ಎಂದು ಕೇಳುತ್ತಿದ್ದರು, ಅಷ್ಟೇ. ಕಾರು ಮತ್ತೆ ಸೋರಲಿಲ್ಲ.

ಅಣ್ಣ ತೀರಿಕೊಂಡು ಒಂದು ವರ್ಷವಾಗುತ್ತಾ ಬಂತು. ಅಳಿಯನ ಕಾರಿನಿಂದ ಇಳಿದ ಮರುದಿನ, ಯಾಕೋ, ತೋಟದ ಮನೆಗೆ ಹೋದೆ. ಅತ್ತಿಗೆ ಕಾಫಿ ಕೊಟ್ಟರು. ಅಣ್ಣನ ಮಾತು ಬಂದಾಗ ಅವರ ಮುಖ ಅರಳಿತು.

"ನಿಮ್ಮನ್ನ ನೆನೆಸ್ಕೊಂಡು ಎಷ್ಟು ನಗ್ತಿದ್ರು ಗೊತ್ತಾ? ಆ ಕಾರು ಸೋರುತ್ತೆ ಅಂತ ನೀವು ಡಾಕ್ಟ್ರ ಹತ್ರಾನೂ ಹೋಗಿದ್ರಂತಲ್ಲ! ಪಾಪದೋನು, ಒಂದು ಹನಿ ಇಲ್ದೇ ಇದ್ರೂ ಹೆದರ್ತಾನೆ ಅಂತ ಕೊನೇವರ್ಗೂ ಹೇಳೋರು."

ಡಾಕ್ಟರ ವಿಷಯ ಅಣ್ಣನಿಗೆ ಹೇಗೆ ಗೊತ್ತಾಯಿತೋ. ಅವರು ಜಗಲಿಯಲ್ಲಿ ನನ್ನೆದುರು ಒಪ್ಪಿಕೊಂಡದ್ದು ಮನೆಯ ಹೊಸ್ತಿಲನ್ನೂ ದಾಟಿರಲಿಲ್ಲ. ಎಂದಾದರೂ ಒಂದು ದಿನ ಅಂಗಡಿಗೆ ಬಂದು, ನಾಲ್ಕು ಜನರ ಮುಂದೆ, "ಅವತ್ತು ಸೋರ್ತಿತ್ತು ಕಣ್ರೋ" ಎನ್ನುತ್ತಾರೆಂದು ನಾನು ಇಷ್ಟು ವರ್ಷ ಕಾದಿದ್ದೆ ಎಂಬುದು ಆ ಗಳಿಗೆಯಲ್ಲೇ ನನಗೂ ತಿಳಿದದ್ದು. ಇನ್ನು ಬರುವವರಿಲ್ಲ.

"ಹೌದತ್ತಿಗೆ" ಎಂದೆ. "ಒಂದು ಹನೀನೂ ಇರ್ಲಿಲ್ಲ."